ಉಂಗುರ ಕಚ್ಚಿದ ಕಾಗೆ

ದೊಡ್ಡಪ್ಪ: ಹಂಗೇರಿಯ ಹೊಲ್ಲೋಕೋ ಎಂಬ ಪುಟ್ಟ ಹಳ್ಳಿಯ ಸಾವಿರ ವರ್ಷದ ಲಾಂಛನ! ಕೊಕ್ಕಿನಲ್ಲಿ ಚಿನ್ನದ ಉಂಗುರ ಕಚ್ಚಿದ ಕಾಗೆ. ಹಿರಿಯರ ನೆನಪನ್ನು ಉಳಿಸಿಕೊಳ್ಳುವುದೆಂದರೆ ಹೀಗೆ. ಎಲ್ಲರಿಗೂ ಕಳುಹಿಸಿ.

ಬುಡಾಪೆಸ್ಟ್ ಅಕ್ಕ: ದೊಡ್ಡಪ್ಪ, ಅದು ಹಳ್ಳಿಯದಲ್ಲ, ಹುನ್ಯಾದಿ ಮನೆತನದ್ದು. 1458ರಿಂದ 1490ರವರೆಗೆ ಆಳಿದ ಆ ಮನೆತನದ ಮಾತ್ಯಾಶ್ ದೊರೆಯನ್ನು ಕೊರ್ವಿನಸ್ ಎಂದು ಕರೆಯುವುದೇ ಆ ಕಾಗೆಯಿಂದಾಗಿ; ಲ್ಯಾಟಿನ್‌ನಲ್ಲಿ ಕೊರ್ವಸ್ ಎಂದರೆ ಕಾಡುಕಾಗೆ.

ದೊಡ್ಡಪ್ಪ: ಊರಿನ ಹೆಸರಿನಲ್ಲೇ ಕಾಗೆ ಇದೆ. ಹುಡುಕಿ ನೋಡಿಯೇ ಹಾಕಿದ್ದೇನೆ.

ಬುಡಾಪೆಸ್ಟ್ ಅಕ್ಕ: ಇದೆ, ಹೊಲ್ಲೋ ಎಂದರೆ ಕಾಡುಕಾಗೆ, ಕೋ ಎಂದರೆ ಕಲ್ಲು. ಆದರೆ ಆ ಕಾಗೆ ಬೇರೆ. ಕಾಚಿಚ್ ಕುಲದ ಒಡೆಯನೊಬ್ಬ ನೆರೆಯವನ ಹೆಂಡತಿಯನ್ನು ಹೊತ್ತೊಯ್ದು ಕೋಟೆಯಲ್ಲಿ ಕೂಡಿಹಾಕಿದನಂತೆ. ಅವಳ ದಾದಿ ಮಾಟಗಾತಿ. ಅವಳು ಸೈತಾನನ ಮೊರೆ ಹೋದಳು. ಅವನ ಮಕ್ಕಳು ಕಾಗೆಗಳಾಗಿ ಬಂದು ಕೋಟೆಯ ಕಲ್ಲುಗಳನ್ನೇ ಕಿತ್ತೊಯ್ದು ಬಂಡೆಯ ಮೇಲೆ ಹೊಸ ಕೋಟೆ ಕಟ್ಟಿದರು.

ಚಿಕ್ಕಮ್ಮ: ಪಿತೃಪಕ್ಷದಲ್ಲಿ ಕರೆದು ಕರೆದು ಗಂಟಲು ಒಣಗಿದರೂ ನಮ್ಮ ಮನೆಗೆ ಒಂದು ಬರಲಿಲ್ಲ. ಅಲ್ಲಿ ಕೋಟೆಯನ್ನೇ ಕಟ್ಟಿದವಂತೆ.

ನಾನು: ಸಾವಿರ ವರ್ಷ ಎನ್ನುವುದಾದರೂ ನಿಜವೇ?

ಬುಡಾಪೆಸ್ಟ್ ಅಕ್ಕ: ಕೋಟೆಯೇ 13ನೆಯ ಶತಮಾನದ್ದು, 1241–42ರ ಮಂಗೋಲರ ದಾಳಿಯ ನಂತರದ್ದು. ಇನ್ನು ಲಾಂಛನ! ಇಲ್ಲಿನ ಹಳ್ಳಿಗಳಿಗೆ ಹಿಂದೆ ಇದ್ದದ್ದು ಮೊಹರು; ಅದರಲ್ಲಿ ಸಾಮಾನ್ಯವಾಗಿ ನೇಗಿಲ ಗುಳ, ತೆನೆ, ದ್ರಾಕ್ಷಿ. ಕಮ್ಯುನಿಸ್ಟರ ಕಾಲದಲ್ಲಿ ಅವು ಮೂಲೆಗುಂಪಾದವು. 1990ರಲ್ಲಿ ಸ್ಥಳೀಯ ಆಡಳಿತದ ಕಾನೂನು ಬಂದ ಮೇಲೆ ಊರೂರಿನವರೂ ಹಳೆಯ ಮೊಹರು ಹುಡುಕಿ ಲಾಂಛನ ಬರೆಸಿಕೊಂಡರು. ಹಳ್ಳಿಗಳ ಲಾಂಛನಗಳಲ್ಲಿ ಎಷ್ಟೋ ನನಗಿಂತ ಚಿಕ್ಕವು.

ದೊಡ್ಡಪ್ಪ: ಮನೆಗಳಾದರೂ ಹಳೆಯವಲ್ಲವೇ? 1987ರಲ್ಲಿ ಯುನೆಸ್ಕೊ ಸುಮ್ಮನೆ ಪಟ್ಟಿಗೆ ಸೇರಿಸಿತೇ?

ಬುಡಾಪೆಸ್ಟ್ ಅಕ್ಕ: 1909ರಲ್ಲಿ ಊರು ಬೆಂಕಿಗೆ ಆಹುತಿಯಾಗಿತ್ತು. ಆಮೇಲೆ ಕಟ್ಟಿದ್ದನ್ನೇ ಈಗ ನೋಡುತ್ತೇವೆ.

ದೊಡ್ಡಪ್ಪ: ಅಂದರೆ ನಮ್ಮ ಅಜ್ಜನ ಮನೆಗಿಂತ ಹೊಸವು! ಅದನ್ನು ಕೆಡವಬೇಡಿ ಎಂದು ನಾನು ಬಡಿದುಕೊಂಡಾಗ ಯಾರೂ ಯುನೆಸ್ಕೊ ಹೆಸರೆತ್ತಲಿಲ್ಲ.

ಬುಡಾಪೆಸ್ಟ್ ಅಕ್ಕ: ಸುಟ್ಟ ಮೇಲೂ ಅಲ್ಲಿನ ಪಾಲೋಟ್ಸ್ ಸಮುದಾಯದ ಜನ ಹಳೆಯ ಬಗೆಯಲ್ಲೇ, ಮರದ ಜಗಲಿಯ ಸಮೇತ ಕಟ್ಟಿಕೊಂಡರು. ಮೆಚ್ಚಬೇಕಾದದ್ದು ಅದನ್ನು, ನಿಮ್ಮ ಉಂಗುರವನ್ನಲ್ಲ. ಈಸ್ಟರ್ ಸೋಮವಾರ ಹೋಗುತ್ತಿದ್ದೇನೆ. ಅಂದು ಹುಡುಗರು ಹುಡುಗಿಯರ ಮೇಲೆ ಬಕೆಟ್‌ಗಟ್ಟಲೆ ನೀರು ಸುರಿಯುತ್ತಾರೆ.

ಚಿಕ್ಕಮ್ಮ: ಮೊಬೈಲ್ ಚೀಲದೊಳಗೆ ಇಟ್ಟುಕೋ.

ದೊಡ್ಡಪ್ಪ: ಆ ಚಿತ್ರ ಆಗಲೇ ಮೂರು ಗುಂಪುಗಳಿಗೆ ಹೋಗಿದೆ. ತಿದ್ದುಪಡಿ ಹಾಕಬೇಕು. ಹುನ್ಯಾದಿ ಎನ್ನುವಲ್ಲಿ ನಕಾರಕ್ಕೆ ಯ ಒತ್ತು ತಾನೇ?