ಹುಣಸೆ ಬೀಜದ ಲೆಕ್ಕ

ಭಾನುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನ ಮೂಲೆ ಮೇಜು ನಮ್ಮದು. ಕೊಬ್ಬರಿ ವ್ಯಾಪಾರದ ಸಿದ್ದೇಶ, ಹೈಸ್ಕೂಲಿನಲ್ಲಿ ಕನ್ನಡ ಹೇಳುವ ಭಟ್ಟರು, ಯಾವ ವ್ಯಾಪಾರವೂ ಇಲ್ಲದ ನಾನು. ಬಿಲ್ಲಿಗೆ ಜಗಳ ಬೇಡ ಅಂತ ಸಿದ್ದೇಶನೇ ಬಹಳ ಹಿಂದೆ ಒಂದು ಉಪಾಯ ಮಾಡಿದ್ದ. ಎರಡು ನಾಣ್ಯ ಚಿಮ್ಮುವುದು. ಎರಡೂ ಹೆಡ್ ಬಿದ್ದರೆ ಬಿಲ್ಲು ಅವನದು. ಎರಡೂ ಟೇಲ್ ಬಿದ್ದರೆ ಭಟ್ಟರದು. ಒಂದು ಹೆಡ್ಡು ಒಂದು ಟೇಲು ಬಿದ್ದರೆ ನನ್ನದು. ಮೂರು ಜನ, ಮೂರು ಥರ. ನ್ಯಾಯ ಅಂದರೆ ನ್ಯಾಯ.

ಆವತ್ತು ನಾಲ್ಕನೆಯವರಾಗಿ ಶಿವಣ್ಣ ಮೇಷ್ಟ್ರು ಬಂದು ಕೂತರು. ಏಳನೇ ಕ್ಲಾಸಿಗೆ ಗಣಿತ ಹೇಳುವವರು. ಮುಖ ಊದಿಕೊಂಡಿತ್ತು.

"ಏನಾಯ್ತು ಮೇಷ್ಟ್ರೇ?"

"ಮಕ್ಕಳಿಗೆ ಜೂಜು ಕಲಿಸ್ತೀನಿ ಅಂತ ನನ್ನ ಮೇಲೆ ದೂರು ಬಂದಿದೆ."

ಸಿದ್ದೇಶ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಇಡ್ಲಿಗಿಂತ ಇದು ರುಚಿಯಾಗಿತ್ತು.

"ಸಂಭವನೀಯತೆ ಪಾಠ ಕಣಯ್ಯಾ. ಆ ಪದ ಬಾಯಿಗೆ ಹತ್ತಿಸುವುದಕ್ಕೇ ಒಂದು ಪೀರಿಯಡ್ಡು ಹೋಯಿತು. ಒಬ್ಬ 'ಸಂಭಾವನೆಯತೆ' ಅಂದ. ಪುರೋಹಿತರ ಮಗ, ಅವನ ತಪ್ಪೇನಿಲ್ಲ. ಆಮೇಲೆ ಕೇಳಿದೆ, ನಾಳೆ ಮಳೆ ಬರುವ ಸಾಧ್ಯತೆ ಎಷ್ಟ್ರೋ ಅಂತ. ಇಡೀ ಕ್ಲಾಸು 'ಅರ್ಧ ಸಾರ್' ಅಂತು. ಯಾಕೆ? 'ಒಂದೋ ಬರುತ್ತೆ, ಇಲ್ಲಾ ಬರಲ್ಲ.'"

"ಸರಿಯಾಗೇ ಇದೆಯಲ್ಲ," ಅಂದರು ಭಟ್ಟರು.

"ನೀವೂ ಏಳನೇ ಕ್ಲಾಸೇ ಬಿಡಿ. ಹಾಗಾದ್ರೆ ಹೆಡ್‌ಮಾಸ್ಟ್ರು ನಾಳೆ ಬೆಲ್ ಹೊಡೆಯೋ ಮೊದಲು ಬರುವ ಸಾಧ್ಯತೆ ಎಷ್ಟು ಅಂತ ಕೇಳಿದೆ. ಎಲ್ಲರೂ ನಕ್ಕುಬಿಟ್ಟರು. 'ಸೊನ್ನೆ ಸಾರ್!' ನೋಡಿ, ಅಲ್ಲೂ ಎರಡೇ ದಾರಿ. ಬರಬಹುದು, ಬರದೇ ಇರಬಹುದು. ಆದರೆ ಅದನ್ನ ದಿನಾ ನೋಡಿದ್ದಾರೆ. ಲೆಕ್ಕ ಇಟ್ಟಿದ್ದಾರೆ. ಅದಕ್ಕೆ ಅರ್ಧ ಅನ್ನಲಿಲ್ಲ."

ಅದೇ ಜಾಡು ಹಿಡಿದು ಮೇಷ್ಟ್ರು ಮಾರನೇ ದಿನ ಹುಣಸೆ ಬೀಜ ತರಿಸಿದ್ದಾರೆ. ಸೀಳಿ, ಒಂದು ಕಡೆ ಬಿಳಿ ಇರುವಂತೆ ಕಲ್ಲಿಗೆ ತೇದದ್ದು. ಒಬ್ಬೊಬ್ಬರಿಗೆ ನಾಲ್ಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ. ಎಷ್ಟು ಬಿಳಿ ಮೇಲಾಗಿ ಬಿತ್ತೋ ಅಷ್ಟು ಲೆಕ್ಕ; ನಾಲ್ಕೂ ಬಿಳಿ ಬಿದ್ದರೆ ಚೌಕ, ಒಂದೂ ಬೀಳದಿದ್ದರೆ ಬಾರ. ಪ್ರತಿ ಸಲ ಹಾಕಿದ್ದಕ್ಕೂ ಪುಸ್ತಕದಲ್ಲಿ ಒಂದು ಗೆರೆ, ಐದನೆಯದಕ್ಕೆ ಅಡ್ಡಗೆರೆ. ಮಕ್ಕಳು ಅಷ್ಟು ಶ್ರದ್ಧೆಯಿಂದ ಬರೆದದ್ದು ಆ ವರ್ಷ ಅದೇ ಮೊದಲಂತೆ. ಒಬ್ಬ ಹುಡುಗ ಎದ್ದು ನಿಂತು "ಬಾರಾ!" ಅಂತ ಕಿರುಚುವುದಕ್ಕೂ, ಶಾಲೆಯ ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಅಧ್ಯಕ್ಷರು ಬಾಗಿಲಲ್ಲಿ ಕಾಣಿಸುವುದಕ್ಕೂ ಸರಿಹೋಯಿತು.

"ನಾನು ಹೇಳಿದೆ, ಸ್ವಾಮಿ, ಈ ಗಣಿತ ಬೆಳೆದದ್ದೇ ಜೂಜಿನಿಂದ. 1654ರಲ್ಲಿ ಫ್ರಾನ್ಸಿನ ಪಾಸ್ಕಲ್, ಫರ್ಮಾ ಅನ್ನುವ ಇಬ್ಬರು ಕಾಗದ ಬರೆದುಕೊಂಡರು. ಆಟ ಅರ್ಧಕ್ಕೆ ನಿಂತರೆ ಪಣಕ್ಕಿಟ್ಟ ದುಡ್ಡು ಹೇಗೆ ಹಂಚಬೇಕು ಅಂತ."

"ಅದಕ್ಕೆ?"

"ಅವರೂ ಸರ್ಕಾರಿ ಸ್ಕೂಲಿನವರಾ ಅಂತ ಕೇಳಿದರು."

ಭಟ್ಟರಿಗೆ ಈಗ ಹುಮ್ಮಸ್ಸು ಬಂತು. "ಫ್ರಾನ್ಸ್ ಯಾಕೆ? ನಳನ ಕಥೆ ಹೇಳಬೇಕಿತ್ತು. ಜೂಜಿನಲ್ಲಿ ರಾಜ್ಯ ಕಳೆದುಕೊಂಡವನಿಗೆ ಅಕ್ಷಹೃದಯ, ಅಂದರೆ ದಾಳದ ಗುಟ್ಟು, ಹೇಳಿಕೊಟ್ಟವನು ರಾಜ ಋತುಪರ್ಣ. ರಥದಲ್ಲಿ ಕೂತೇ ತಾರೆ ಮರದ ಎಲೆ ಎಷ್ಟು, ಕಾಯಿ ಎಷ್ಟು ಅಂತ ಹೇಳಿಬಿಟ್ಟ. ನಳ ನಂಬಲಿಲ್ಲ. ರಥ ನಿಲ್ಲಿಸಿ ಎಣಿಸಿದ. ಸರಿಯಾಗಿತ್ತು."

"ನಾನೂ ತೋಟ ನೋಡಿ ಹಾಗೇ ಕಾಯಿ ಲೆಕ್ಕ ಹೇಳ್ತೀನಿ," ಅಂದ ಸಿದ್ದೇಶ. "ಯಾರೂ ಹೃದಯ ಗಿದಯ ಅನ್ನಲ್ಲ."

"ನೀನು ಹೇಳೋದು ಯಾವಾಗಲೂ ಕಮ್ಮಿ. ಅದಕ್ಕೆ."

ಮೇಷ್ಟ್ರು ಅರ್ಧ ಇಡ್ಲಿ ಮುರಿದು ಮುಂದುವರಿಸಿದರು. "ಬೀಜ ಹಾಗಿರಲಿ. ಮಕ್ಕಳು ನಿಜವಾಗಿ ಸಿಕ್ಕಿಹಾಕಿಕೊಳ್ಳೋದು ಎರಡು ನಾಣ್ಯದಲ್ಲಿ. ಒಂದು ಹೆಡ್ಡು ಒಂದು ಟೇಲು ಬೀಳುವ ಸಾಧ್ಯತೆ ಎಷ್ಟು ಅಂದ್ರೆ ಮೂರರಲ್ಲಿ ಒಂದು ಅಂತಾರೆ. ಅವರನ್ನ ಬೈಯೋ ಹಾಗೂ ಇಲ್ಲ. ಡಿ'ಅಲಂಬೇರ್ ಅಂತ ಭಾರೀ ಗಣಿತಜ್ಞ, 1754ರಲ್ಲಿ ಫ್ರೆಂಚ್ ವಿಶ್ವಕೋಶಕ್ಕೆ ಬರೆಯುವಾಗ ಅವನೂ ಇಂಥ ಕಡೆಯೇ ಜಾರಿಬಿದ್ದ. ನಾಲ್ಕು ಎಣಿಸಬೇಕಾದ ಕಡೆ ಮೂರು ಎಣಿಸಿದ."

ನಾನು ಸುಮ್ನೆ ಕೇಳಿದೆ. "ಮೂರರಲ್ಲಿ ಒಂದಲ್ವಾ? ಮತ್ತೆಷ್ಟು?"

"ಅರ್ಧ."

ನಾನು ಕಾಫಿ ಲೋಟ ಕೆಳಗಿಟ್ಟೆ. ಸಿದ್ದೇಶ ಸಪ್ಲೈಯರನ್ನು ಕರೆದು ಚಟ್ನಿ ಕೇಳಿದ. ಅವನ ತಟ್ಟೆಯಲ್ಲಿ ಇಡ್ಲಿಯೇ ಇರಲಿಲ್ಲ.

"ಅದು ಹೇಗೆ ಅರ್ಧ?" ಅಂತ ನಾನು ಕೇಳುವ ಮೊದಲೇ ಭಟ್ಟರು ಚೆಲ್ಲಿದ ಸಾಂಬಾರಿಗೆ ಬೆರಳು ಅದ್ದಿ ಮೇಜಿನ ಮೇಲೆ ಗೆರೆ ಎಳೆಯತೊಡಗಿದ್ದರು. ಅಡ್ಡಗೆರೆ ಗುರು, ಬಟ್ಟಲಿನಂಥದ್ದು ಲಘು. "ಇದು ನಮ್ಮ ಅಕ್ಷರಗಣ ಅಲ್ವೇನ್ರೀ! ಮೂರು ಅಕ್ಷರ. ಒಂದೊಂದೂ ಗುರು, ಇಲ್ಲಾ ಲಘು. ಒಟ್ಟು ಎಂಟು. ಯಮಾತಾರಾಜಭಾನಸ. ಅದರಲ್ಲಿ ಒಂದೇ ಗುರು ಇರುವವು ಯಾವುವು? ಗುರು ಮೊದಲು ಬಂದರೆ ಭ ಗಣ, ನಡುವೆ ಬಂದರೆ ಜ, ಕೊನೆಗೆ ಬಂದರೆ ಸ. 'ಮೂರರಲ್ಲೂ ಒಂದು ಗುರು, ಎರಡು ಲಘು, ಎಲ್ಲಾ ಒಂದೇ ಸಾರ್' ಅಂತ ಯಾವನಾದರೂ ಬರೆದರೆ ನಾನು ಸೊನ್ನೆ ಹಾಕ್ತೀನಿ."

ಮೇಷ್ಟ್ರು ಸಾಂಬಾರನ್ನೇ ದಿಟ್ಟಿಸಿ ನೋಡುತ್ತಿದ್ದರು. "ಭಟ್ರೇ, ಹೆಡ್ಡು-ಟೇಲು ಬೇರೆ, ಟೇಲು-ಹೆಡ್ಡು ಬೇರೆ, ನಾಲ್ಕರಲ್ಲಿ ಎರಡು ಅಂತ ಇಪ್ಪತ್ತು ವರ್ಷದಿಂದ ನಾಣ್ಯ ಹಿಡಕೊಂಡು ಒದ್ದಾಡ್ತಾ ಇದ್ದೀನಿ. ಇದನ್ನ ಮೊದಲೇ ಹೇಳಬಾರದಿತ್ತಾ?"

"ನೀವು ಕೇಳಲಿಲ್ಲ. ಎಲ್ಲಾ ಗುರು ಒಂದು ಗಣ, ಎರಡು ಗುರು ಮೂರು, ಒಂದು ಗುರು ಮೂರು, ಎಲ್ಲಾ ಲಘು ಒಂದು. ನಾಲ್ಕು ಅಕ್ಷರಕ್ಕೆ ಹೋದರೆ ಹದಿನಾರು. ಒಂದು, ನಾಲ್ಕು, ಆರು, ನಾಲ್ಕು, ಒಂದು. ನಿಮ್ಮ ಪಾಸ್ಕಲ್ ಹುಟ್ಟುವುದಕ್ಕೆ ಎಷ್ಟೋ ಮೊದಲು, 10ನೇ ಶತಮಾನದಲ್ಲೇ ಛಂದಸ್ಸಿನ ವ್ಯಾಖ್ಯಾನಕಾರ ಹಲಾಯುಧ ಇದನ್ನ ಮೇರು ಪ್ರಸ್ತಾರ ಅಂತ ಬರೆದಿಟ್ಟ."

"ಅಯ್ಯೋ, ಇದೇ ಚೌಕಾಬಾರ!" ಮೇಷ್ಟ್ರು ಮೇಜು ಕುಟ್ಟಿದರು. "ಎರಡು ಬೀಳೋದು ಹದಿನಾರರಲ್ಲಿ ಆರು ದಾರಿ. ಚೌಕಕ್ಕೆ ಒಂದೇ, ಬಾರಕ್ಕೆ ಒಂದೇ. ಅದಕ್ಕೇ ನಮ್ಮಜ್ಜಿ ಚೌಕ, ಬಾರ ಬಿದ್ದರೆ ಇನ್ನೊಂದು ಸಲ ಹಾಕು ಅಂತಿದ್ದದ್ದು."

"ಮಕ್ಕಳ ಪುಸ್ತಕದಲ್ಲೂ ಹಾಗೇ ಬಂತಾ?"

ಮೇಷ್ಟ್ರು ನಕ್ಕರು. "ಸುಮಾರಾಗಿ ಬಂತು. ಒಬ್ಬ ಹುಡುಗಿಗೆ ಮಾತ್ರ ಚೌಕ ಬಿದ್ದೂ ಬಿದ್ದೂ ಪುಸ್ತಕದಲ್ಲಿ ಜಾಗ ಸಾಲಲಿಲ್ಲ. ಏನಮ್ಮ ಇದು ಅಂದ್ರೆ, 'ಸಾರ್, ಈ ಬೀಜ ನಮ್ಮಜ್ಜಿದು. ಹೊಟ್ಟೆ ಕಡೆ ಜಾಸ್ತಿ ತೇದಿದೆ' ಅಂದಳು. ಅವರಜ್ಜಿ ಜೊತೆ ಬೀದಿಯಲ್ಲಿ ಯಾರೂ ಆಡಲ್ಲವಂತೆ. ಪಠ್ಯಪುಸ್ತಕದ ನಾಣ್ಯ ಬೇರೆ, ಅಜ್ಜಿಯ ಬೀಜ ಬೇರೆ ಅಂತ ಇನ್ನೇನು ಹೇಳಬೇಕು, ಅಷ್ಟರಲ್ಲಿ ಅಧ್ಯಕ್ಷರು ಬಂದರು."

ನನಗೆ ಅಜ್ಜಿಯ ಚಿಂತೆ ಇರಲಿಲ್ಲ. "ಸಿದ್ದೇಶ, ಇಷ್ಟು ವರ್ಷ ಅರ್ಧ ಬಿಲ್ಲು ನಾನು ಕೊಟ್ಟಿದ್ದೀನಿ ಅಂತಾಯ್ತು."

"ಅದೆಲ್ಲ ಗ್ರಹಚಾರ ಮಾರಾಯ. ರೋಹಿತ್ ಶರ್ಮಾ ಸತತ ಹನ್ನೆರಡು ಒನ್‌ಡೇ ಟಾಸ್ ಸೋಲಲಿಲ್ವಾ? 2023ರ ವಿಶ್ವಕಪ್ ಫೈನಲ್‌ನಿಂದ 2025ರ ಚಾಂಪಿಯನ್ಸ್ ಟ್ರೋಫಿ ಫೈನಲ್‌ವರೆಗೆ ಇಂಡಿಯಾ ಸತತ ಹದಿನೈದು ಸೋತಿತ್ತು. ಆದರೂ ಕಪ್ ಗೆದ್ದರು. ನಿನಗೂ ಇಷ್ಟು ಸೋತ ಮೇಲೆ ಮುಂದಿನದು ಗ್ಯಾರಂಟಿ."

"ಯಾವ ಗ್ಯಾರಂಟಿ?" ಮೇಷ್ಟ್ರು ಬಿಡಲಿಲ್ಲ. "ಹದಿನೈದು ಸತತ ಸೋಲೋದು 32,768ರಲ್ಲಿ ಒಂದು. ಸೋತಾದ ಮೇಲೆ ಹದಿನಾರನೆಯದು ಮತ್ತೆ ಅರ್ಧವೇ. ನಾಣ್ಯ ಏನು ಕಿರಾಣಿ ಅಂಗಡಿನಾ, ಹಿಂದಿನ ಬಾಕಿ ಬರೆದಿಟ್ಟುಕೊಂಡು ತೀರಿಸೋಕೆ? ಅದೂ ಅಲ್ಲದೆ ರೋಹಿತ್ ಕರೆದದ್ದು ಒಂದೇ ನಾಣ್ಯಕ್ಕೆ. ಇವನಿಗೆ ನೀನು ಎರಡು ಕೊಟ್ಟಿದ್ದೀಯ."

ಬಿಲ್ಲು ಬಂತು. ಸೋಂಪಿನ ತಟ್ಟೆಯ ಕೆಳಗೆ.

ಸಿದ್ದೇಶ ಕೈಮುಗಿದ. "ಆಯ್ತಪ್ಪ, ತಪ್ಪಾಯ್ತು. ನಾಣ್ಯ ಬಿಟ್ಟುಬಿಡೋಣ. ಮೇಷ್ಟ್ರೇ, ಆ ಬೀಜ ಜೇಬಲ್ಲಿ ಇದೆಯಾ? ಇನ್ನು ಮೇಲೆ ನಾಲ್ಕು ಜನ. ಒಂದು ಬಿದ್ದರೆ ಭಟ್ಟರು. ಎರಡು ಬಿದ್ದರೆ ಇವನು. ಮೂರು ಬಿದ್ದರೆ ಮೇಷ್ಟ್ರು. ಚೌಕ, ಬಾರ ಎರಡೂ ನನಗೇ ಇರಲಿ. ಇಷ್ಟು ದಿನದ ಪಾಪಕ್ಕೆ ಪ್ರಾಯಶ್ಚಿತ್ತ."

ಮೇಷ್ಟ್ರು ಜೇಬಿಗೆ ಹಾಕಿದ್ದ ಕೈಯನ್ನು ಹಾಗೇ ತಡೆದು ನನ್ನ ಮುಖ ನೋಡಿದರು. ನಾನು ಮೇಜಿನ ಮೇಲೆ ಒಣಗುತ್ತಿದ್ದ ಸಾಂಬಾರು ನೋಡಿದೆ.

"ಪಾಪ, ಒಬ್ಬನೇ ಎರಡೆರಡು ವಹಿಸಿಕೊಂಡ," ಅಂದರು ಭಟ್ಟರು.