ಪ್ರೆಶರ್ 14 ಇದ್ರೂ ಫೀಲ್ಡ್ ಟೆಸ್ಟ್ ಬಿಡ್ಬೇಡಿ ಚಿಕ್ಕಮ್ಮ
ಚಿಕ್ಕಮ್ಮ, ಕಣ್ಣಿನ ಪ್ರೆಶರ್ 14, ನಾರ್ಮಲ್ಲೇ ಇದೆ, ಆದ್ರೂ ಡಾಕ್ಟ್ರು ಕಣ್ಣಿನ ನರ ನೋಡಿ ಗ್ಲಾಕೋಮಾ (ಆ ನರ ಹಾಳಾಗ್ತಾ ನೋಟ ಹೋಗೋ ಕಾಯಿಲೆ) ಡೌಟು ಅಂತ ಫೀಲ್ಡ್ ಟೆಸ್ಟು (ಸುತ್ತ ಎಷ್ಟು ಕಾಣುತ್ತೆ ಅಂತ ನೋಡೋದು), ಓಸಿಟಿ (ಕಣ್ಣಿನ ನರದ ಸ್ಕ್ಯಾನು) ಎಲ್ಲಾ ಬರೆದಿದಾರೆ, ದುಡ್ಡು ಕೀಳೋಕೇ ಇರ್ಬೇಕು ಅಂತ ಹಾಕಿದೀರಲ್ಲ, ಹಂಗಲ್ಲ, ದಯವಿಟ್ಟು ಮಾಡಿಸಿ. 10ರಿಂದ 21 ನಾರ್ಮಲ್ ಅನ್ನೋದು ತುಂಬಾ ಜನರನ್ನ ನೋಡಿ ಹಾಕಿದ ಲೆಕ್ಕ, ಕೆಲವರ ಕಣ್ಣಿನ ನರ 14ನ್ನೂ ತಡ್ಕೊಳಲ್ಲ. ಜಪಾನಿನ ತಾಜಿಮಿಯಲ್ಲಿ 40 ದಾಟಿದವ್ರನ್ನ ಸರ್ವೇ ಮಾಡಿದಾಗ ಓಪನ್ ಆ್ಯಂಗಲ್ ಗ್ಲಾಕೋಮಾ (ಗ್ಲಾಕೋಮಾದಲ್ಲಿ ಸಾಮಾನ್ಯವಾಗಿ ಕಾಣೋ ಬಗೆ) ಇದ್ದವ್ರಲ್ಲಿ 92% ಜನಕ್ಕೆ ಪ್ರೆಶರ್ 21 ದಾಟಿರ್ಲಿಲ್ಲ. ಜಪಾನಿನವ್ರಲ್ಲಿ ಇದು ಜಾಸ್ತಿ ನಿಜ, ಆದ್ರೆ ನಮ್ಮ ಕಡೆನೂ ಅಪರೂಪ ಏನಲ್ಲ.

ನಿಮ್ಮ ವಿಷ್ಯದಲ್ಲಿ ನಂಗೆ ಯೋಚನೆ ಯಾಕಂದ್ರೆ ಅಮ್ಮಂಗೆ ಗ್ಲಾಕೋಮಾ ಇದೆ, ಒಡಹುಟ್ಟಿದವ್ರಿಗೆ ಇದ್ರೆ ನಿಮಗೂ ಬರೋ ಚಾನ್ಸ್ ಜಾಸ್ತಿ, ಜೊತೆಗೆ ನಿಮಗೆ ಮೊದಲಿಂದ ಮೈಗ್ರೇನ್, ಚಳಿಗೆ ಬೆರಳು ಬೆಳ್ಳಗಾಗಿ ಮರಗಟ್ಟುತ್ತೆ ಅಂತಾನೂ ಹೇಳ್ತಿದ್ರಿ. ಇಂಥವ್ರಿಗೆ ರಕ್ತನಾಳ ಬೇಗ ಬಿಗಿದುಕೊಳ್ಳುತ್ತೆ, ಕಣ್ಣಿನ ನರಕ್ಕೂ ರಕ್ತ ಸಾಲದೇ ಹೋಗ್ಬಹುದು ಅನ್ನೋದು ಡಾಕ್ಟ್ರುಗಳ ಅಂದಾಜು.

ನನ್ನ ಪ್ರಕಾರ ಇದೆಲ್ಲಕ್ಕಿಂತ ಮುಖ್ಯ ನಿಮ್ಮ ಬಿಪಿ ಮಾತ್ರೆ ವಿಷ್ಯ. ನಿದ್ದೇಲಿ ಬಿಪಿ ತಾನಾಗೇ ಇಳಿಯುತ್ತೆ, ಅದರ ಮೇಲೆ ನೀವು ಮಲಗೋ ಮುಂಚೆ ಮಾತ್ರೆ ತಗೊಳ್ತೀರ, ಕೆಲವರಿಗೆ ಹಂಗೆ ಮಧ್ಯರಾತ್ರಿ ತೀರಾ ಕೆಳಗೆ ಹೋಗುತ್ತೆ, ಮಲಗಿದಾಗ ಕಣ್ಣಿನೊಳಗಿನ ಪ್ರೆಶರ್ ಬೇರೆ ಸ್ವಲ್ಪ ಏರಿರುತ್ತೆ, ಹಂಗಾಗಿ ನರಕ್ಕೆ ರಕ್ತ ತಲುಪೋದೇ ಕಷ್ಟ. ಹಾಗಂತ ನೀವೇ ಮಾತ್ರೆ ನಿಲ್ಸೋದು, ಟೈಮ್ ಬದಲಾಯ್ಸೋದು ಖಂಡಿತ ಮಾಡ್ಬೇಡಿ!! ಸ್ಟ್ರೋಕು ಹಾರ್ಟು ಅದರ ಕಥೆನೇ ಬೇರೆ. ಕಣ್ಣಿನ ಡಾಕ್ಟ್ರಿಗೂ ಬಿಪಿ ಡಾಕ್ಟ್ರಿಗೂ ಇಬ್ಬರಿಗೂ ಹೇಳಿ, ಬೇಕಿದ್ರೆ 24 ಗಂಟೆ ಬಿಪಿ ಮಿಷನ್ ಕಟ್ಟಿ ನೋಡ್ತಾರೆ.

ಗ್ರೂಪಲ್ಲಿ ಉಳಿದವ್ರೂ ಕೇಳಿ, ಜಾಸ್ತಿ ಮೈನಸ್ ಪವರ್ ಇರೋವ್ರು, ಗೊರಕೆ ಹೊಡೀತಾ ಮಧ್ಯೆ ಉಸಿರು ಕಟ್ಟೋವ್ರು (ಚಿಕ್ಕಪ್ಪ, ನಿಮಗೇ ಹೇಳ್ತಿರೋದು, ಒಂದ್ಸಲ ತೋರಿಸ್ಕೊಳ್ಳಿ), ವಯಸ್ಸಾದವ್ರು ಎಲ್ಲ ಹುಷಾರು. ಲೇಸರ್ ಮಾಡಿಸಿ ಕನ್ನಡಕ ತೆಗೆಸಿದವ್ರು ಅದನ್ನ ಡಾಕ್ಟ್ರಿಗೆ ಹೇಳ್ಲೇಬೇಕು, ಕಾರ್ನಿಯಾ (ಕಣ್ಣಿನ ಮುಂದಿರೋ ಪಾರದರ್ಶಕ ಪದರ) ತೆಳ್ಳಗಾದ್ರೆ ಮಿಷನ್ ಪ್ರೆಶರ್‌ನ ಇರೋದಕ್ಕಿಂತ ಕಡಿಮೆ ತೋರಿಸುತ್ತೆ.

ಇನ್ನು ಪ್ರೆಶರ್ ನಾರ್ಮಲ್ ಇದ್ಮೇಲೆ ಡ್ರಾಪ್ಸ್ ಯಾಕೆ ಅಂತ ಮುಂದೆ ನೀವು ಕೇಳೇ ಕೇಳ್ತೀರ. ಪ್ರೆಶರ್ ನಾರ್ಮಲ್ ಇದ್ದೂ ಗ್ಲಾಕೋಮಾ ಬಂದವ್ರನ್ನ ನೋಡಿದಾಗ, ಇರೋ ಪ್ರೆಶರ್‌ನ ಇನ್ನೂ 30% ಇಳಿಸಿದವ್ರಲ್ಲಿ 12% ಜನಕ್ಕೆ ಮಾತ್ರ ಕಾಯಿಲೆ ಮುಂದುವರೀತು, ಹಾಗೇ ಬಿಟ್ಟವ್ರಲ್ಲಿ 35%, 1998ರಲ್ಲಿ ಬಂದ ಸ್ಟಡಿ ಇದು. ಹೋದ ನೋಟ ಡ್ರಾಪ್ಸಿಂದ ವಾಪಸ್ ಬರಲ್ಲ, ಉಳಿದಿದ್ದನ್ನ ಉಳಿಸ್ಕೋಬೇಕು ಅಷ್ಟೇ.

ಹೋಗೋವಾಗ ಅಮ್ಮನ ಫೈಲು, ನಿಮ್ಮ ಮಾತ್ರೆ ಚೀಟಿ ತಗೊಂಡ್ಹೋಗಿ. ಫೀಲ್ಡ್ ಟೆಸ್ಟಲ್ಲಿ ಲೈಟ್ ಕಂಡಾಗ ಬಟನ್ ಒತ್ತಬೇಕು, ಮೊದಲ ಸಲ ತುಂಬಾ ಜನಕ್ಕೆ ತಪ್ಪಾಗುತ್ತೆ, ಇನ್ನೊಂದ್ಸಲ ಮಾಡಿಸಿ ಅಂದ್ರೆ ಬೇಜಾರು ಮಾಡ್ಕೋಬೇಡಿ.