"ಕಣ್ಣಲ್ಲಿ ರಕ್ತ ಹೆಪ್ಪುಗಟ್ಟಿದೆ": ಯಾವ ರಕ್ತ?

ಹೊಡೆದಾಟದಲ್ಲಿ ಕಣ್ಣಿಗೆ ಪೆಟ್ಟು ಬಿದ್ದರೆ ನಮ್ಮ ಕುಮಟಾ, ಶಿರಸಿ ಕಡೆ ಸಾಮಾನ್ಯವಾಗಿ ಹೇಳುವ ಮಾತು "ಕಣ್ಣಲ್ಲಿ ರಕ್ತ ಹೆಪ್ಪುಗಟ್ಟಿದೆ". ತೋಟದ ಬೇಲಿ ಜಗಳವಿರಲಿ, ಬಂದರಿನ ಗಲಾಟೆಯಿರಲಿ, ದೂರಿನಲ್ಲೂ ಅದನ್ನೇ ಬರೆಸುತ್ತಾರೆ. ಆದರೆ ಈ ಒಂದೇ ಮಾತಿನಲ್ಲಿ ಎರಡು ಬೇರೆ ಗಾಯಗಳು ಸೇರಿಹೋಗಿವೆ.

ಒಂದು, ಬಿಳಿಗುಡ್ಡೆಯ ಮೇಲ್ಪದರದ ಕೆಳಗೆ ಹರಡುವ ರಕ್ತ. ನೋಡಿದರೆ ಎದೆ ಝಲ್ಲೆನ್ನುತ್ತದೆ. ಅದೊಂದೇ ಆಗಿದ್ದರೆ ದೃಷ್ಟಿಗೆ ತೊಂದರೆಯಿಲ್ಲ, ಎರಡು ವಾರದೊಳಗೆ ಹೆಚ್ಚಾಗಿ ತಾನೇ ಹೋಗುತ್ತದೆ. ಇನ್ನೊಂದು, ಕಣ್ಣಿನೊಳಗೆ ಕರಿಗುಡ್ಡೆಯ ಮುಂದಿರುವ ನೀರಿಗೆ ಸೇರುವ ರಕ್ತ. ವೈದ್ಯರು ಇದನ್ನು ಹೈಫೀಮಾ ಅನ್ನುತ್ತಾರೆ. ಕೂತಾಗ ಈ ರಕ್ತ ತಳಕ್ಕೆ ಇಳಿದು ನಿಲ್ಲುತ್ತದೆ. ಸ್ವಲ್ಪವೇ ಇದ್ದರೆ ಬರಿಗಣ್ಣಿಗೆ ಕಾಣುವುದೂ ಇಲ್ಲ. ಆದರೂ ಕಣ್ಣಿನ ಒತ್ತಡ ಏರಬಹುದು, ಮೊದಲ ಕೆಲವು ದಿನಗಳಲ್ಲಿ ಮತ್ತೆ ರಕ್ತ ಒಸರಬಹುದು. ಇಂಥ ಪೆಟ್ಟು ತಿಂದ ಕಣ್ಣಿಗೆ ವರ್ಷಗಳ ನಂತರ ಗ್ಲಾಕೋಮಾ (ಕಣ್ಣಿನ ನರ ಹಾಳಾಗಿ ದೃಷ್ಟಿ ಕುಗ್ಗುವ ಕಾಯಿಲೆ) ಬರುವುದೂ ಉಂಟು. "ಹೆಪ್ಪುಗಟ್ಟಿದೆ, ಇಳಿಯುತ್ತೆ ಬಿಡು" ಎಂದು ಮನೆಯಲ್ಲೇ ಕೂತರೆ ಕಣ್ಣೇ ಹೋಗಬಹುದು ಅಲ್ವಾ? ನನಗೆ ಜಾಸ್ತಿ ಚಿಂತೆ ಇದೇ.

ಕೇಸಿನ ಲೆಕ್ಕವೂ ಇದೆ. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಪ್ರಕಾರ ಒಂದು ಕಣ್ಣಿನ ದೃಷ್ಟಿ ಶಾಶ್ವತವಾಗಿ ಹೋದರೂ ಅದು ತೀವ್ರ ಗಾಯ. ಮೂಳೆ ಮುರಿದರೂ ಹೌದು. ಹಾಗಾಗಿ ಕಣ್ಣುಗೂಡಿನ ತೆಳು ಮೂಳೆ ಮುರಿದಿದ್ದರೆ, ನೋಟ ಚೆನ್ನಾಗಿದ್ದರೂ ತೀವ್ರವೇ. 15 ದಿನ ವಿಪರೀತ ನೋವಿದ್ದರೂ, ಅಷ್ಟು ದಿನ ನಿತ್ಯದ ಕೆಲಸ ಮಾಡಲಾಗದಿದ್ದರೂ ಅಷ್ಟೇ. 2024ರ ಜೂನ್‌ವರೆಗೆ ಇದ್ದ ಹಳೆಯ ಕಾನೂನಿನಲ್ಲಿ (ಐಪಿಸಿ) ಇದು 20 ದಿನವಿತ್ತು. ಕಣ್ಣು ಕೆಂಡದಂತೆ ಕೆಂಪಾಗಿದ್ದೂ ಗಾಯ "ಸಾದಾ" ಆಗಬಹುದು. ಅದಕ್ಕೇ ವೈದ್ಯರು ಎರಡೂ ಕಣ್ಣಿನ ದೃಷ್ಟಿ ಅಳೆದು ಬರೆಯಬೇಕು. ಸ್ಕ್ಯಾನ್ ಅಥವಾ ಕಣ್ಣಿನ ತಜ್ಞರ ವರದಿ ಬೇಕಿದ್ದರೆ, ಅದು ಬರುವವರೆಗೆ ಗಾಯ ಸಾದಾವೋ ತೀವ್ರವೋ ಎಂಬ ಅಭಿಪ್ರಾಯ ಕಾಯ್ದಿರಿಸುವುದೇ ಸರಿ.

ಮೊದಲನೆಯದಕ್ಕೆ "ಬಿಳಿಗುಡ್ಡೆಯ ರಕ್ತ", ಎರಡನೆಯದಕ್ಕೆ "ಕರಿಗುಡ್ಡೆ ಮುಂದಿನ ರಕ್ತ" ಎಂದರೆ ಜನರಿಗೆ ಸುಲಭವಾಗಿ ತಿಳಿಯುತ್ತದೆ ಅನ್ನಿಸುತ್ತದೆ. ಅಂಕೋಲಾ, ಹೊನ್ನಾವರ, ಯಲ್ಲಾಪುರದ ಕಡೆ ಹಿರಿಯರು ಇವೆರಡನ್ನು ಬೇರೆ ಮಾಡಿ ಹೇಳುವ ಮಾತು ಇದೆಯೇ? ಕಾರವಾರದಲ್ಲಿ ಕೊಂಕಣಿ ಮಾತಾಡುವವರು ಏನನ್ನುತ್ತಾರೆ? ಗಾಯದ ಪ್ರಮಾಣಪತ್ರ ಬರೆಯುವ ವೈದ್ಯರು ಇಲ್ಲಿದ್ದರೆ, ರೋಗಿಯ ಮನೆಯವರಿಗೆ ಹೈಫೀಮಾವನ್ನು ಯಾವ ಮಾತಿನಲ್ಲಿ ತಿಳಿಸುತ್ತೀರಿ ಎಂದು ದಯವಿಟ್ಟು ಬರೆಯಿರಿ.